240 ಪಿಕ್ಸೆಲ್‌ನ ಬೆಲ್ಲದ ಮಂಡಿ

ಮಂಡ್ಯದ ಪೇಟೆಬೀದಿಯಲ್ಲಿ ಬೆಲ್ಲದ ಮಂಡಿ ಇಟ್ಟಿರುವ ಯಜಮಾನರೊಬ್ಬರು ತಮ್ಮ ಲೋಗೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, "20 ಅಡಿ ಫ್ಲೆಕ್ಸ್‌ಗೆ ಬೇಕು, ಸ್ವಲ್ಪ ದೊಡ್ಡದು ಮಾಡಿಕೊಡಪ್ಪ" ಎಂದರು. ತೆರೆದು ನೋಡಿದರೆ ಅಗಲ 240 ಪಿಕ್ಸೆಲ್. 20 ಅಡಿ ಎಂದರೆ 240 ಅಂಗುಲ. ಹಾಗೆಯೇ ಹಿಗ್ಗಿಸಿದ್ದರೆ ಒಂದೊಂದು ಪಿಕ್ಸೆಲ್ಲೂ ಒಂದಂಗುಲದ ಚೌಕ!

ಮೊದಲು ಸೋಮಾರಿಯ ದಾರಿ ಹಿಡಿದೆ: ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್. ಪಿಕ್ಸೆಲ್ ಚಿತ್ರದ ಅಂಚುಗಳನ್ನು ಹಿಡಿದು, ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳನ್ನು ತಾನೇ ಎಳೆಯುವ ಸೌಲಭ್ಯ ಅದು. ಜೆಪಿಇಜಿ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಕುಗ್ಗಿಸುವಾಗ ಅಂಚುಗಳ ಸುತ್ತ ಕೊಳೆ ಉಳಿಯುತ್ತದೆ. ಟ್ರೇಸ್ ಮಾಡುವ ಯಂತ್ರಕ್ಕೆ ಕೊಳೆಯೂ ಗೆರೆಯೇ. ಕಬ್ಬಿನ ಜಲ್ಲೆ ಇಲಿ ಕಡಿದಂತೆ ಬಂತು. 'ಬೆಲ್ಲದ' ಎಂಬಲ್ಲಿನ ದಕಾರದ ಬುಡಕ್ಕೆ ಚುಕ್ಕೆಯೊಂದು ಅಂಟಿ ಅದು ಧಕಾರವಾಯಿತು. ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ, ತುಸು ಮಸುಕು ಮಾಡಿ ಮತ್ತೆ ಟ್ರೇಸ್ ಮಾಡಿದೆ. ಅಂಚು ನಯವಾಯಿತು, ಆದರೆ ಮೂಲೆಗಳೂ ದುಂಡಗಾದವು. ಒಂಬೈನೂರಕ್ಕೂ ಹೆಚ್ಚು ನೋಡ್‌ಗಳು, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳು. ಅವುಗಳನ್ನು ಇಳಿಸಲು ಸಿಂಪ್ಲಿಫೈ ಒತ್ತಿದರೆ ಅಕ್ಷರಗಳು ಮಳೆಗಾಲದ ಬೆಲ್ಲದಂತೆ ನೀರೊಡೆದವು. ಸ್ಪಷ್ಟವಾಗಿ ಸ್ಕ್ಯಾನ್ ಮಾಡಿದ ಕಪ್ಪು-ಬಿಳುಪು ಸಹಿಗೆ ಈ ಸೌಲಭ್ಯ ಸಾಕು, ಇಂಥದ್ದಕ್ಕಲ್ಲ.

ಹೊಂದುವ ಫಾಂಟ್ ಹುಡುಕಿದೆ, ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅದು ಕುಂಚದ ಬರಹ. ಮಂಡಿಗೇ ಹೋದೆ. ಗಲ್ಲಾಪೆಟ್ಟಿಗೆಯ ಮೇಲೆ ಹಳೆಯ ತಗಡಿನ ಬೋರ್ಡು ಇನ್ನೂ ಇತ್ತು. ಕೆಳಗಿನಿಂದ ತೆಗೆದರೆ ವೃತ್ತ ಮೊಟ್ಟೆಯಾಗುತ್ತದೆಂದು ಸ್ಟೂಲು ಹತ್ತಿ, ಬೋರ್ಡಿಗೆ ನೇರವಾಗಿ ನಿಂತು ಫೋಟೋ ತೆಗೆದೆ.

ಆ ಫೋಟೋವನ್ನು ಅಡಿಯ ಪದರದಲ್ಲಿಟ್ಟು, ಅರ್ಧ ಪಾರದರ್ಶಕ ಮಾಡಿ, ಕದಲದಂತೆ ಲಾಕ್ ಮಾಡಿದೆ. ಹೊರಗಿನ ವೃತ್ತವನ್ನು ತಿದ್ದಿ ಬರೆಯುವ ಗೋಜಿಗೆ ಹೋಗಲಿಲ್ಲ. ವೃತ್ತದ ಸಾಧನದಿಂದಲೇ ಎಳೆದೆ. ಕಬ್ಬಿನ ಒಂದು ಗಿಣ್ಣನ್ನು ಚೆನ್ನಾಗಿ ಬರೆದು ಉಳಿದವನ್ನು ಅದರ ನಕಲಿನಿಂದ ಕೂರಿಸಿದೆ.

ಸಮಯ ತಿಂದದ್ದು ಅಕ್ಷರಗಳು. ನೋಡ್‌ಗಳಿಂದ ಹೊರಡುವ ಹಿಡಿಕೆಗಳನ್ನು ಎಳೆದು ಬಾಗಿಸುವ ಬೆಝಿಯರ್ ಗೆರೆಯಲ್ಲಿ ನೋಡ್ ಕಡಿಮೆಯಿದ್ದಷ್ಟೂ ತಿರುವು ಚೆಂದ. ಹಾಗಾಗಿ ದುಂಡಿನ ತೀರಾ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮಾತ್ರ ನೋಡ್ ಇಟ್ಟು, ಹಿಡಿಕೆಗಳನ್ನು ನೇರ ಅಡ್ಡಕ್ಕೆ ಅಥವಾ ಉದ್ದಕ್ಕೆ ಎಳೆದೆ. ಲ ಅಕ್ಷರವನ್ನೇ ಅರ್ಧಕ್ಕೆ ಇಳಿಸಿ ಒತ್ತು ಮಾಡೋಣವೆಂದು ಹೊರಟರೆ, ಗೆರೆಯ ದಪ್ಪವೂ ಅರ್ಧವಾಗಿ ಒತ್ತು ಬಡಕಲಾಯಿತು. ಬೋರ್ಡಿನ ಕಲಾವಿದ ಅದೇ ಕುಂಚದಿಂದ ಬರೆದಿದ್ದರಿಂದ ಅಲ್ಲಿ ಎರಡರ ದಪ್ಪವೂ ಹೆಚ್ಚುಕಡಿಮೆ ಒಂದೇ. ಒತ್ತನ್ನು ಬೇರೆಯಾಗಿಯೇ ಬರೆದೆ. ಕಬ್ಬಿನ ಎಲೆಗೆ ತಾಗದಿರಲೆಂದು ಆತ ಅದನ್ನು ತುಸು ಎಡಕ್ಕೆ ಸರಿಸಿದ್ದ. ಅದನ್ನೂ ಹಾಗೆಯೇ ಉಳಿಸಿಕೊಂಡೆ.

ಎರಡನೆಯ ದಿನ ಸಂಜೆ ಮುಗಿಯಿತು. ಫ್ಲೆಕ್ಸ್‌ನವರು ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುವವರು. ಪಿಡಿಎಫ್ ಕಳುಹಿಸಿದೆ, ಅಲ್ಲಿ ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತು. ಅಕ್ಷರಗಳೆಲ್ಲ ಗೆರೆಗಳೇ ಆಗಿದ್ದರಿಂದ ಫಾಂಟ್‌ನ ರಗಳೆಯೂ ಇರಲಿಲ್ಲ.

ರಬ್ಬರ್ ಸ್ಟ್ಯಾಂಪಿಗೆ ಮಾತ್ರ ಅದೇ ಚಿತ್ರ ನಡೆಯಲಿಲ್ಲ. ಎರಡು ಸೆಂಟಿಮೀಟರ್‌ಗೆ ಇಳಿಸಿ ಮುದ್ರಿಸಿ ನೋಡಿದಾಗ ಎಲೆಗಳ ನಡುವಿನ ಸಂದು ಮುಚ್ಚಿಹೋಯಿತು. ಮೂರು ಎಲೆಗಳಲ್ಲಿ ಎರಡನ್ನು ತೆಗೆದು, ಒತ್ತಿನ ಒಳಬಯಲನ್ನು ಅಗಲಿಸಿ, ಬರಿಯ ಕಪ್ಪಿನಲ್ಲಿ ಇನ್ನೊಂದು ಕಡತ ಮಾಡಿಕೊಟ್ಟೆ.

ಯಜಮಾನರು ಕನ್ನಡಕ ಏರಿಸಿಕೊಂಡು ಎಣಿಸಿದರು. "ಇನ್ನೆರಡು ಎಲೆ ಎಲ್ಲಪ್ಪ?"

"ಅಣ್ಣಾ, ನಿಮ್ಮ ಹಳೆಯ ಸ್ಟ್ಯಾಂಪನ್ನು ಇಲ್ಲಿ ಒಂದು ಸಲ ಒತ್ತಿ."

ಒತ್ತಿದರು. ಕಬ್ಬಿನ ತುದಿಯಲ್ಲಿ ಒಂದು ನೀಲಿ ಮುದ್ದೆ. ಅದನ್ನು ಸ್ವಲ್ಪ ಹೊತ್ತು ನೋಡಿ, "ಫ್ಲೆಕ್ಸ್‌ನಲ್ಲಿ ಮೂರೂ ಇವೆ ತಾನೇ?" ಎಂದರು.