ತಾಯಿ ಇಲ್ಲದ ಬಾತುಮೊಟ್ಟೆಗೆ ಮನೆಯಲ್ಲೇ ಕಾವು

ನಮ್ಮ ಸಾಕು ಬಾತನ್ನು ನಾಯಿ ಹಿಡಿದುಬಿಟ್ಟಿತು. ಗೂಡಿನಲ್ಲಿ ಏಳು ಮೊಟ್ಟೆ ಉಳಿದಿದ್ದವು, ಇನ್ನೂ ಉಗುರುಬೆಚ್ಚಗಿದ್ದವು. ಟವೆಲಿನಲ್ಲಿ ಸುತ್ತಿ ಒಳಗೆ ತಂದೆ.

ನೀವು ಗೂಡು ಕಂಡ ತಕ್ಷಣ ಮೊಟ್ಟೆ ಎತ್ತಬೇಡಿ. ಬಾತು ದಿನಕ್ಕೊಂದರಂತೆ ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ. ಕಾವಿಗೆ ಕೂರುವುದು ಎಲ್ಲ ಇಟ್ಟ ಮೇಲೆಯೇ. ಹಾಗಾಗಿ ತಣ್ಣಗಿರುವ ಮೊಟ್ಟೆ ಅನಾಥ ಅಂತಲ್ಲ. ಕಾಡು ಬಾತಿನದ್ದಾದರೆ ಮುಟ್ಟದೆ ವನ್ಯಜೀವಿ ನೋಡಿಕೊಳ್ಳುವವರಿಗೆ ತಿಳಿಸಿ.

ಮೊಟ್ಟೆ ತೊಳೆಯಬೇಡಿ. ಸೋಂಕು ಒಳಗೆ ಹೋಗದಂತೆ ತಡೆಯುವ ತೆಳು ಪೊರೆ ಅದರ ಮೇಲಿರುತ್ತದೆ. ಅಂಟಿದ ಕೊಳೆಯನ್ನು ಒಣಬಟ್ಟೆಯಿಂದ ಮೆಲ್ಲಗೆ ಉಜ್ಜಿದರೆ ಸಾಕು.

ನನಗೆ ಎಷ್ಟನೇ ದಿನದ ಮೊಟ್ಟೆ ಅಂತಲೇ ಗೊತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿದೆ. ಒಳಗೆಲ್ಲಾ ಕೆಂಪು ನರಗಳು, ಜೇಡರ ಬಲೆ ಹರಡಿದ ಹಾಗೆ. ನಡುವೆ ಒಂದು ಕಪ್ಪು ಚುಕ್ಕೆ, ಅದು ಕಣ್ಣು. ನೋಡುತ್ತಿದ್ದಂತೆ ಆ ಚುಕ್ಕೆ ಸರ್ರನೆ ಪಕ್ಕಕ್ಕೆ ಜಾರಿತು. ನನ್ನ ಕೈ ನಡುಗಿತು. ಹತ್ತು ದಿನ ಆಗಿರಬಹುದು ಅಂತ ಅಂದಾಜು ಮಾಡಿ ಅಲ್ಲಿಂದ ಲೆಕ್ಕ ಹಿಡಿದೆ. ಒಂದು ಮೊಟ್ಟೆ ಪೂರ್ತಿ ಖಾಲಿಯಾಗಿ ಹೊಳೆಯಿತು, ಇನ್ನೊಂದರಲ್ಲಿ ರಕ್ತದ ಉಂಗುರ ಮಾತ್ರ ಇತ್ತು. ಉಂಗುರ ಕಂಡರೆ ಭ್ರೂಣ ಸತ್ತಿದೆ ಅಂತ ಅರ್ಥ. ಎರಡನ್ನೂ ತೆಗೆದೆ. ಕೊಳೆತ ಮೊಟ್ಟೆ ಒಳಗೇ ಸಿಡಿದರೆ ಉಳಿದವೂ ಹಾಳು.

ಸಾಮಾನ್ಯ ಬಾತಿಗೆ 28 ದಿನ ಬೇಕು, ಮಸ್ಕೊವಿ ಜಾತಿಗೆ ಸುಮಾರು 35. ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ, 37.5 ಡಿಗ್ರಿ ಸೆಲ್ಸಿಯಸ್ ಇರಲಿ. ಅದರ ಮೀಟರನ್ನೇ ನಂಬಬೇಡಿ, ಇನ್ನೊಂದು ಥರ್ಮಾಮೀಟರ್ ಒಳಗಿಡಿ. ತೇವಾಂಶ ಶೇ. 55ರ ಹತ್ತಿರ ಇದ್ದರೆ ಸರಿ. ಪೆನ್ಸಿಲ್‌ನಲ್ಲಿ ಒಂದು ಬದಿಗೆ ಗೀಟು, ಇನ್ನೊಂದು ಬದಿಗೆ ಸೊನ್ನೆ ಹಾಕಿ, ದಿನಕ್ಕೆ ಮೂರೋ ಐದೋ ಬಾರಿ ಹೊರಳಿಸಿ. ಬೆಸ ಸಂಖ್ಯೆ ಯಾಕೆ ಅಂದರೆ, ರಾತ್ರಿಯಿಡೀ ಕೆಳಗಿದ್ದ ಬದಿ ಮರುರಾತ್ರಿ ಮೇಲೆ ಬರುತ್ತದೆ. ತಾಯಿ ಮೇಯಲು ಎದ್ದು ಹೋಗಿ ಒದ್ದೆ ಮೈಯಲ್ಲಿ ವಾಪಸ್ ಬರುತ್ತದಲ್ವಾ, ಹಾಗೆಯೇ ನಾನೂ ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆಗೆದು, ಉಗುರುಬೆಚ್ಚಗಿನ ನೀರು ಚಿಮುಕಿಸುತ್ತಿದ್ದೆ.

ಸಾಮಾನ್ಯ ಬಾತಾದರೆ 25ನೇ ದಿನಕ್ಕೆ ಹೊರಳಿಸುವುದು, ಚಿಮುಕಿಸುವುದು ಎರಡೂ ನಿಲ್ಲಿಸಿ. ತೇವಾಂಶವನ್ನು ಶೇ. 70ರ ಆಸುಪಾಸಿಗೆ ಏರಿಸಿ. ದಿನದ ಲೆಕ್ಕ ಗೊತ್ತಿಲ್ಲದಿದ್ದರೆ ಟಾರ್ಚ್ ಇದ್ದೇ ಇದೆ: ದಪ್ಪ ತುದಿಯ ಗಾಳಿಚೀಲ ಒಂದು ಕಡೆಗೆ ವಾಲಿ, ಅದರೊಳಗೆ ಕೊಕ್ಕಿನ ನೆರಳು ಆಡುತ್ತಿದ್ದರೆ ಸಮಯ ಹತ್ತಿರ ಬಂತು.

ಇನ್ನು ಕಷ್ಟದ ಭಾಗ. ಚಿಪ್ಪಿನಲ್ಲಿ ಮೊದಲ ಬಿರುಕು ಬಿಟ್ಟ ಮೇಲೆ ಮರಿ ಗಂಟೆಗಟ್ಟಲೆ ಸುಮ್ನೆ ಇರುತ್ತದೆ. ಪೂರ್ತಿ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನವೂ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಚಿಪ್ಪಿನ ಒಳಗಿನ ಪೊರೆಯ ರಕ್ತನಾಳಗಳು ಒಣಗುತ್ತಿರುತ್ತವೆ. ಎಂಟು ಗಂಟೆ ಕಾದು ನನಗೆ ತಡೆಯಲಿಲ್ಲ. ಒಂದು ಮೊಟ್ಟೆಯ ಚಿಪ್ಪು ಚೂರು ಬಿಡಿಸಿದೆ. ಪೊರೆಯಿಂದ ರಕ್ತ ಬಂತು. ಹಳದಿ ಇನ್ನೂ ಹೊರಗೇ ಇತ್ತು. ಆ ಮರಿ ಬೆಳಗಾಗುವವರೆಗೆ ಉಳಿಯಲಿಲ್ಲ. ಉಳಿದ ನಾಲ್ಕನ್ನು ನಾನು ಮುಟ್ಟಲಿಲ್ಲ, ಅವು ತಾವಾಗಿಯೇ ಬಂದವು. ನೀವು ಮುಚ್ಚಳವನ್ನೂ ತೆಗೆಯಬೇಡಿ. ತೇವ ಹೋದರೆ ಪೊರೆ ಒಣಗಿ ಮರಿಗೆ ಬಿಗಿದುಕೊಳ್ಳುತ್ತದೆ.

ಮೈ ಒಣಗಿ ಪುಸುಪುಸು ಆಗುವವರೆಗೆ ಅಲ್ಲೇ ಬಿಡಿ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಮೊದಲ ದಿನ ಆಹಾರದ ಅವಸರವಿಲ್ಲ. ಆಮೇಲೆ ಸುಮಾರು 32 ಡಿಗ್ರಿ ಬಿಸಿ ಇರುವ ಪೆಟ್ಟಿಗೆಗೆ ಹಾಕಿ. ಕೆಳಗೆ ನ್ಯೂಸ್‌ಪೇಪರ್ ಬೇಡ, ಜಾರಿ ಕಾಲು ಅಗಲವಾಗುತ್ತದೆ, ಹಳೆ ಟವೆಲ್ ಹಾಸಿ. ನೀರಿನ ಬಟ್ಟಲಿನಲ್ಲಿ ಕೊಕ್ಕು ಮುಳುಗಬೇಕು, ಮರಿ ಮುಳುಗಬಾರದು. ಈಜಲು ಈಗಲೇ ಬಿಡಬೇಡಿ. ತಾಯಿಯ ಗರಿಯ ಎಣ್ಣೆ ಸಿಗದ ಮರಿ ಬೇಗ ನೆನೆದು ಚಳಿಗೆ ಸಾಯುತ್ತದೆ.