ಎಸ್‌ಎಸ್‌ಬಿ ಸಂದರ್ಶನ: ಆಲೂಗಡ್ಡೆ ಮೂಟೆಯನ್ನೂ ಮರೆಯದೆ ಬರೆಯಿರಿ

ಸೇನೆಯಲ್ಲಿ ಅಧಿಕಾರಿ ಆಗಲು ಬರೆಯುವ ಎನ್‌ಡಿಎ, ಸಿಡಿಎಸ್ ಲಿಖಿತ ಪರೀಕ್ಷೆ ಪಾಸಾದ ಹುಡುಗರು ವರ್ಷಕ್ಕೆ ಒಬ್ಬಿಬ್ಬರಾದರೂ ಹಾಸನದ ನಮ್ಮ ಮನೆಗೆ ಬರುತ್ತಾರೆ. ಕೈಯಲ್ಲಿ ಕಾಲ್ ಲೆಟರ್, ಬಾಯಲ್ಲಿ ಒಂದೇ ಪ್ರಶ್ನೆ: ‘ಅಂಕಲ್, ಇಂಟರ್‌ವ್ಯೂನಲ್ಲಿ ಏನ್ ಕೇಳ್ತಾರೆ?’ ನಾನು 30 ವರ್ಷದ ಹಿಂದೆ ಎಸ್‌ಎಸ್‌ಬಿಗೆ, ಅಂದರೆ ಅಧಿಕಾರಿಗಳನ್ನು ಆರಿಸುವ ಸರ್ವಿಸಸ್ ಸೆಲೆಕ್ಷನ್ ಬೋರ್ಡಿಗೆ, ಎರಡು ಸಲ ಹೋಗಿ, ಎರಡು ಸಲವೂ ಬ್ಯಾಗ್ ಹೊತ್ತು ವಾಪಸ್ ಬಂದವನು. ಪಾಸಾದವರನ್ನು ಬಿಟ್ಟು ನನ್ನ ಹತ್ತಿರ ಯಾಕೆ ಬರುತ್ತಾರೋ! ಆದರೆ ಎಲ್ಲಿ ಎಡವಿದೆ ಅನ್ನುವುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಎನ್‌ಡಿಎಗೆ ಲಿಖಿತ ಪರೀಕ್ಷೆ 900 ಅಂಕಕ್ಕೆ, ಎಸ್‌ಎಸ್‌ಬಿಯೂ 900 ಅಂಕಕ್ಕೆ. ಒಟ್ಟು ಐದು ದಿನದ ಕೆಲಸ. ಮೊದಲ ದಿನ ಸ್ಕ್ರೀನಿಂಗ್, ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ ಊರಿಗೆ ಹೊರಡುವುದೂ ಉಂಟು. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ, ಮೈದಾನದಲ್ಲಿ ಗುಂಪಿನ ಟಾಸ್ಕ್, ನಡುವೆ ಒಂದು ದಿನ ಸಂದರ್ಶನ. ಸಂದರ್ಶನ ಮಾಡುವವರು ಸೇವೆಯಲ್ಲಿರುವ ಹಿರಿಯ ಅಧಿಕಾರಿ. ಹುಡುಗರು ಅವರನ್ನು ‘ಐಒ’ (ಇಂಟರ್‌ವ್ಯೂಯಿಂಗ್ ಆಫೀಸರ್) ಅನ್ನುತ್ತಾರೆ.

ಮೊದಲು ಫಾರಂ

ಐಒ ಮುಂದೆ ಕೂರುವ ಹೊತ್ತಿಗೆ ಅವರ ಮೇಜಿನ ಮೇಲೆ ನಿಮ್ಮದೇ ಕೈಬರಹದ ಪಿಐಕ್ಯೂ ಫಾರಂ, ಅಂದರೆ ನಿಮ್ಮ ವೈಯಕ್ತಿಕ ವಿವರಗಳ ಪ್ರಶ್ನಾವಳಿ, ಇರುತ್ತದೆ. ಅಪ್ಪ ಅಮ್ಮನ ಓದು, ಕೆಲಸ, ಆದಾಯ. ಅಣ್ಣ ತಂಗಿಯರು. ಹತ್ತನೇ ಕ್ಲಾಸಿನಿಂದ ಅಂಕಗಳು. ಆಟ, ಹವ್ಯಾಸ, ಎನ್‌ಸಿಸಿ, ಹೊತ್ತ ಜವಾಬ್ದಾರಿಗಳು. ಜಾಸ್ತಿ ಕಾಲ ಇದ್ದ ಊರು ಯಾವುದು, ಅದರ ಜನಸಂಖ್ಯೆ ಎಷ್ಟು, ಅದು ಜಿಲ್ಲಾ ಕೇಂದ್ರವೋ ಅಲ್ಲವೋ ಅನ್ನುವುದಕ್ಕೂ ಜಾಗ ಇದೆ. ಪ್ರಶ್ನೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಅದಕ್ಕೇ ಮನೆಯಲ್ಲೇ ಇದನ್ನು ಎರಡು ಮೂರು ಸಲ ತುಂಬಿ ನೋಡಿ. ಬರೆದ ಒಂದೊಂದು ಪದಕ್ಕೂ ನಾಲ್ಕು ಪ್ರಶ್ನೆ ನೀವೇ ಹಾಕಿಕೊಳ್ಳಿ.

ನಾನು ಹವ್ಯಾಸದ ಜಾಗದಲ್ಲಿ ‘ಟ್ರೆಕ್ಕಿಂಗ್’ ಅಂತ ಬರೆದಿದ್ದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಅಧಿಕಾರಿ ನಗುತ್ತಲೇ ಶುರು ಮಾಡಿದರು. ಯಾವ ಬೆಟ್ಟ? ಮುಳ್ಳಯ್ಯನಗಿರಿ ಸರ್. ಎಷ್ಟು ಜನ ಹೋಗಿದ್ರಿ? ಯಾರು ಲೀಡರ್? ಬೆನ್ನ ಮೇಲೆ ಎಷ್ಟು ಕೆಜಿ ಇತ್ತು? ನೀರು ಎಲ್ಲಿ ತುಂಬಿಸಿಕೊಂಡ್ರಿ? ನಾನು ಜೀಪಲ್ಲಿ ಮೇಲಿನವರೆಗೂ ಹೋಗಿ, ಕೊನೆಯ ಮೆಟ್ಟಿಲುಗಳನ್ನಷ್ಟೇ ಹತ್ತಿದವನು. ಮೂರನೇ ಪ್ರಶ್ನೆಗೇ ಬೆವರು ಬಂತು.

ಬೇಜಾರಿನ ಸಂಗತಿ ಬೇರೆಯೇ ಇದೆ. ಅದರ ಹಿಂದಿನ ವರ್ಷ ಅಪ್ಪ ಹುಷಾರಿಲ್ಲದೆ ಮಲಗಿದ್ದರು. ಬಿತ್ತನೆ ಆಲೂಗಡ್ಡೆ ತರಲು ಹಾಸನದ ಎಪಿಎಂಸಿಗೆ ನಾನೇ ಹೋಗಿದ್ದೆ. ಜಲಂಧರ್‌ನಿಂದ ಬಂದ ಮೂಟೆ ಬಿಚ್ಚಿಸಿ, ಒಂದೆರಡು ಗೆಡ್ಡೆ ಕತ್ತರಿಸಿ, ಒಳಗೆ ಕಪ್ಪಾಗಿದೆಯಾ ಅಂತ ನೋಡಿ, ರೇಟು ಚೌಕಾಸಿ ಮಾಡಿ, ಆಳುಗಳನ್ನು ಹೊಂದಿಸಿ ಬಿತ್ತನೆ ಮುಗಿಸಿದ್ದೆ. ಆಮೇಲೆ ಮಳೆ ಜಾಸ್ತಿಯಾಗಿ ಅಂಗಮಾರಿ ಬಿದ್ದಾಗ ಔಷಧಿ ಹೊಡೆಸಿದ್ದೂ ನಾನೇ. ಆ ಅಧಿಕಾರಿಗೆ ಬೇಕಾಗಿದ್ದದ್ದು ಇದೇ. ಆದರೆ ‘ಇದೇನ್ ದೊಡ್ಡ ವಿಷಯ’ ಅಂತ ಫಾರಂನಲ್ಲಿ ಬರೆದೇ ಇರಲಿಲ್ಲ. ಮೂಡಿಗೆರೆ ಕಡೆಯ ಹುಡುಗನಾದರೆ ಕಾಫಿ ಕೊಯ್ಲಿನ ಲೆಕ್ಕ ಬರೆದಿಟ್ಟದ್ದು, ಹೋಟೆಲ್ ಮನೆಯ ಹುಡುಗಿಯಾದರೆ ಸಂಜೆ ಗಲ್ಲಾದಲ್ಲಿ ಕೂತದ್ದು, ಎಲ್ಲವೂ ಜವಾಬ್ದಾರಿಯೇ.

ಒಂದೇ ಉಸಿರಿನ ಪ್ರಶ್ನೆಗಳು

‘ಹತ್ತನೇ ಕ್ಲಾಸಿನಲ್ಲಿ ಎಷ್ಟು ಬಂತು, ಪಿಯುಸಿಯಲ್ಲಿ ಯಾಕೆ ಕಡಿಮೆಯಾಯ್ತು, ಯಾವ ಮೇಷ್ಟ್ರು ಇಷ್ಟ, ಯಾರು ಇಷ್ಟ ಇಲ್ಲ, ಯಾಕೆ, ಮನೆಯಲ್ಲಿ ಯಾರ ಹತ್ತಿರ ಸಲಿಗೆ, ಬಿಡುವಿನಲ್ಲಿ ಏನ್ ಮಾಡ್ತೀರಿ...’ ಹೀಗೆ ಎಂಟು ಹತ್ತು ಪ್ರಶ್ನೆ ಒಟ್ಟಿಗೆ ಬರುತ್ತವೆ. ಕೇಳಿದ ಸಾಲಿನಲ್ಲೇ ಉತ್ತರಿಸಬೇಕು. ನಡುವೆ ಒಂದು ಮರೆತರೆ ‘ಸರ್, ಆ ಪ್ರಶ್ನೆ ಇನ್ನೊಂದ್ಸಲ’ ಅಂತ ಕೇಳಬಹುದು, ತಪ್ಪಿಲ್ಲ.

ಅಭ್ಯಾಸಕ್ಕೆ ಕೋಚಿಂಗೇ ಬೇಕು ಅಂತಿಲ್ಲ. ಸಂಜೆ ಕಾಫಿ ಹೊತ್ತಿಗೆ ಅಕ್ಕನ ಕೈಗೆ ಪ್ರಶ್ನೆ ಚೀಟಿ ಕೊಟ್ಟು ಒಂದೇ ಉಸಿರಿಗೆ ಓದಿಸಿ. ನಿಮ್ಮ ಉತ್ತರ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕೇಳಿಸಿಕೊಂಡಾಗ ಎಷ್ಟು ಸಲ ‘ಆಕ್ಚುಲಿ’ ಅಂದಿದ್ದೀರಿ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಇಂಗ್ಲಿಷ್ ತಡವರಿಸಿದರೆ ಪರವಾಗಿಲ್ಲ, ನಿಧಾನವಾಗಿ ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿ.

ನಿಮ್ಮ ಜಿಲ್ಲೆ ನಿಮಗೆ ಗೊತ್ತಿರಲಿ

ಹಾಸನ ಅಂದ ಕೂಡಲೇ ಬೇಲೂರು, ಹಳೇಬೀಡು ಬರುತ್ತದೆ. 2023ರಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದ್ದು ಗೊತ್ತಿರಬೇಕು. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಊರಿನಲ್ಲೇ ಇದೆ, ಅಲ್ಲಿ ನಡೆಯುವುದು ಉಪಗ್ರಹ ನೋಡಿಕೊಳ್ಳುವ ಕೆಲಸ, ಉಡಾವಣೆ ಅಲ್ಲ. ಸಕಲೇಶಪುರ, ಆಲೂರಿನ ಆನೆ ಕಾಟದ ಬಗ್ಗೆ ‘ನೀವು ಡಿಸಿ ಆಗಿದ್ರೆ ಏನ್ ಮಾಡ್ತಿದ್ರಿ?’ ಅಂತ ಕೇಳಿದರೆ ಹೇಳುವುದಕ್ಕೆ ಏನಾದರೂ ಇರಲಿ. ಸರ್ಕಾರವನ್ನು ಬೈಯುವುದು ಉತ್ತರ ಅಲ್ಲ.

ಕೋಣೆಯ ಒಳಗೆ

ಇಸ್ತ್ರಿ ಶರ್ಟ್, ಪಾಲಿಶ್ ಶೂ, ಅಷ್ಟೇ. ಕೂರಲು ಹೇಳಿದ ಮೇಲೆ ಕೂರಿ. ಮಾತು ಸುಮಾರು 40 ನಿಮಿಷದಿಂದ ಒಂದು ಗಂಟೆವರೆಗೆ ನಡೆಯುತ್ತದೆ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಅಂದುಬಿಡಿ. ಸುಮ್ನೆ ಬುರುಡೆ ಬಿಟ್ಟರೆ ನನ್ನ ಮುಳ್ಳಯ್ಯನಗಿರಿಯ ಗತಿಯೇ ನಿಮಗೂ. ಇಲ್ಲಿ ಮನಸಾ, ವಾಚಾ, ಕರ್ಮಣಾ ಅನ್ನುವ ಮಾತು ಪ್ರಸಿದ್ಧ. ಮನಃಶಾಸ್ತ್ರಜ್ಞರು, ಐಒ, ಮೈದಾನದಲ್ಲಿ ಗುಂಪಿನ ಟಾಸ್ಕ್ ಮಾಡಿಸುವ ಅಧಿಕಾರಿ ಜಿಟಿಒ ಮೂವರೂ ಬೇರೆ ಬೇರೆಯಾಗಿ ನಿಮ್ಮನ್ನು ಅಳೆದು, ಕೊನೆಯ ದಿನ ಕಾನ್ಫರೆನ್ಸ್‌ನಲ್ಲಿ ಒಟ್ಟಿಗೆ ಕೂರುತ್ತಾರೆ. ಒಂದು ಕಡೆ ಹಾಕಿದ ವೇಷ ಇನ್ನೊಂದು ಕಡೆ ಕಳಚುತ್ತದೆ.

‘ಸೈನ್ಯಕ್ಕೆ ಯಾಕೆ ಬರಬೇಕು?’ ಅನ್ನುವುದಕ್ಕೆ ದೇಶಸೇವೆ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಕಾರಣ ಹೇಳಿ. ಎರಡನೇ ಸಲ ಹೋಗುತ್ತಿರುವವರಿಗೆ ‘ಹೋದ ಸಲದಿಂದ ಏನ್ ಬದಲಾಗಿದೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನಾನು ‘ಕಾನ್ಫಿಡೆನ್ಸ್ ಜಾಸ್ತಿ ಆಗಿದೆ ಸರ್’ ಅಂದಿದ್ದೆ. ಅವರು ಪೆನ್ನು ಕೆಳಗಿಟ್ಟು ‘ಒಂದು ಉದಾಹರಣೆ ಕೊಡಿ’ ಅಂದರು. ಕೊಡಲು ಇರಲಿಲ್ಲ.

ಕೊನೆಗೊಂದು ಸಣ್ಣ ವಿಷಯ. ಎನ್‌ಡಿಎ, ಸಿಡಿಎಸ್ ಹೀಗೆ ಯಾವ ಎಂಟ್ರಿಯೋ ಆ ಎಂಟ್ರಿಗೆ ಮೊದಲ ಸಲ ಹೋಗುವವರಿಗೆ ನಿಯಮದಂತೆ ಪ್ರಯಾಣದ ಖರ್ಚು ಕೊಡುತ್ತಾರೆ. ಸೆಂಟರ್‌ನಲ್ಲಿ ಮೊಬೈಲ್ ಇಸ್ಕೊಂಡು ಇಡುತ್ತಾರೆ. ಹಾಗಾಗಿ ರೈಲಿನ ಟಿಕೆಟನ್ನು ಹೊರಡುವ ಮೊದಲೇ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ.