ಬೇರು ಬಂತು, ಮರಿ ಬರಲಿಲ್ಲ

ನಮ್ಮ ತಾರಸಿಯ ಮೇಲೆ ಒಂದು ಎಲೆ ಇತ್ತು. ಗಿಡ ಅಲ್ಲ, ಬರೀ ಎಲೆ. ಎಚೆವೇರಿಯಾ ಅನ್ನುವ ಸಕ್ಯುಲೆಂಟಿನದ್ದು, ಅಂದರೆ ಎಲೆಯಲ್ಲೇ ನೀರು ತುಂಬಿಕೊಳ್ಳುವ ಜಾತಿಯ ಗಿಡದ್ದು. ಬುಡದಲ್ಲಿ ಗಡ್ಡದ ಹಾಗೆ ಬೇರು ಬಿಟ್ಟಿತ್ತು. ಹನ್ನೊಂದು ತಿಂಗಳು ನೀರು ಕುಡಿದುಕೊಂಡು ದುಂಡಗೆ, ಹಸಿರಾಗಿ ಕೂತಿತ್ತು. ಒಂದೇ ಒಂದು ಮರಿ ಹಾಕಲಿಲ್ಲ. ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚಿ ನಾನು ತೆಗೆದ ಮೊದಲ ಬೆಳೆ ಅದು.

ಮನೆ ಬನಶಂಕರಿ ಕಡೆ. ಅಂಗಳ ಇಲ್ಲ, ತಾರಸಿಯೇ ತೋಟ. ಒಂದು ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವಳು ಮೂರು ಪುಟ್ಟ ಸಕ್ಯುಲೆಂಟ್ ತಂದೆ. ಎರಡು ತಿಂಗಳಲ್ಲೇ ಮೂರನ್ನು ಮೂವತ್ತು ಮಾಡುವ ಆಸೆ ಹುಟ್ಟಿತು. ಬೀಜ ಗೊಬ್ಬರದ ಅಂಗಡಿಯಿಂದ ರೂಟಿಂಗ್ ಹಾರ್ಮೋನ್ ಡಬ್ಬಿ ತಂದೆ. ಒಳಗೆ ಮುಖಕ್ಕೆ ಹಚ್ಚುವ ಪೌಡರಿನಂಥ ಬಿಳಿ ಪುಡಿ. ನಿಜಕ್ಕೂ ಅದರಲ್ಲಿ ಮುಕ್ಕಾಲುಮೂರು ವೀಸ ಪೌಡರೇ. ಟಾಲ್ಕ್ ಪುಡಿಗೆ ಚೂರೇ ಚೂರು ಐಬಿಎ, ಅಂದರೆ ಇಂಡೋಲ್ ಬ್ಯುಟಿರಿಕ್ ಆಸಿಡ್ ಬೆರೆಸಿರುತ್ತಾರೆ. ಇದು ಆಕ್ಸಿನ್ ಜಾತಿಯ, ಅಂದರೆ ಗಿಡದಲ್ಲಿ ಬೇರು ಬರಿಸುವ ಗುಂಪಿನ ಹಾರ್ಮೋನ್.

ಆ "ಚೂರು" ಎಷ್ಟು ಅನ್ನುವುದೇ ಮುಖ್ಯ. ಡಬ್ಬಿಯ ಮೇಲೆ ಶೇ. 0.1, 0.3 ಅಥವಾ 0.8 ಅಂತ ಇರುತ್ತದೆ. ಇದನ್ನೇ ತೋಟಗಾರಿಕೆಯವರು 1000, 3000, 8000 ಪಿಪಿಎಂ ಅನ್ನುತ್ತಾರೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು. ಎಳೆ ಕಡ್ಡಿಗೆ ಮೊದಲನೆಯದು, ಅರ್ಧ ಬಲಿತದ್ದಕ್ಕೆ ಎರಡನೆಯದು, ಗಟ್ಟಿ ಕಟ್ಟಿಗೆಯಂಥದ್ದಕ್ಕೆ ಮೂರನೆಯದು. ನಾನು ಇದನ್ನೆಲ್ಲ ಓದಲೇ ಇಲ್ಲ. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ 0.8ರದ್ದನ್ನು ತಂದು, ನೀರು ತುಂಬಿದ ಮೆತ್ತಗಿನ ಎಲೆಗಳಿಗೆ ಬಜ್ಜಿಗೆ ಹಿಟ್ಟು ಹಚ್ಚಿದ ಹಾಗೆ ಹಚ್ಚಿದೆ. ಅರ್ಧಕ್ಕರ್ಧ ಎಲೆ ವಾರದೊಳಗೆ ಬುಡದಿಂದ ಕಪ್ಪಾಗಿ ಕೊಳೆತವು. ಉಳಿದವುಗಳಲ್ಲಿ ಒಂದು ಮೇಲೆ ಹೇಳಿದ ಬ್ರಹ್ಮಚಾರಿ.

ಆಮೇಲೆ ಸ್ವಲ್ಪ ಬುದ್ಧಿ ಬಂತು. ಗೋಸ್ಟ್ ಪ್ಲಾಂಟ್ ಅನ್ನುವ ಇನ್ನೊಂದು ಸಕ್ಯುಲೆಂಟಿನ ಇಪ್ಪತ್ತು ಎಲೆ ತೆಗೆದುಕೊಂಡೆ. ಚಾಕು ಹಾಕಲಿಲ್ಲ. ಎಲೆಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಾಡಿಸಿದರೆ ಬುಡಸಮೇತ ಕಳಚಿ ಬರುತ್ತದೆ. ಹಾಗೇ ಬರಬೇಕು. ಮರಿ ಹುಟ್ಟುವುದು ಆ ಬುಡದ ತುದಿಯಲ್ಲೇ. ಅದು ಕಾಂಡದಲ್ಲೇ ಉಳಿದು ಎಲೆ ಅರ್ಧಕ್ಕೆ ಮುರಿದರೆ, ಏನು ಹಚ್ಚಿದರೂ ಮರಿ ಬರುವುದು ಕಷ್ಟ. ಎಲ್ಲವನ್ನೂ ನೆರಳಲ್ಲಿ ನಾಲ್ಕು ದಿನ ಒಣಗಲು ಬಿಟ್ಟೆ. ಗಾಯದ ಮೇಲೆ ತೆಳು ಪೊರೆ ಕಟ್ಟಿತು. ಆಮೇಲೆ ಹತ್ತಕ್ಕೆ 0.1ರ ಪುಡಿ ತೆಳ್ಳಗೆ ಮುಟ್ಟಿಸಿದೆ, ಇನ್ನು ಹತ್ತನ್ನು ಹಾಗೇ ಬಿಟ್ಟೆ. ಎರಡು ತಟ್ಟೆ, ಒಂದೇ ಮರಳು ಮಿಶ್ರಣ, ಒಂದೇ ಕಿಟಕಿ.

ಪುಡಿ ಮುಟ್ಟಿಸಿದ ಎಲೆಗಳಲ್ಲಿ ಬೇರು ನಾಲ್ಕೈದು ದಿನ ಮೊದಲೇ ಬಂತು. ಗುಲಾಬಿ ಬಣ್ಣದ ದಪ್ಪ ಗೊಂಚಲು. ನೋಡಿ ಕುಣಿದಾಡಿದೆ. ಆದರೆ ಎರಡು ತಿಂಗಳ ಹೊತ್ತಿಗೆ ಪುಡಿಯಿಲ್ಲದ ತಟ್ಟೆಯಲ್ಲಿ ಒಂಬತ್ತು ಮರಿ, ಪುಡಿಯ ತಟ್ಟೆಯಲ್ಲಿ ಆರು. ಇಪ್ಪತ್ತು ಎಲೆಯ ಲೆಕ್ಕ ಹಿಡಿದು ನಾನೇನೂ ಸಿದ್ಧಾಂತ ಮಾಡಲ್ಲ. ಆದರೆ ಸಕ್ಯುಲೆಂಟ್ ಎಲೆಗೆ ನಾನು ಪುಡಿ ಹಚ್ಚುವುದನ್ನು ಅಂದೇ ನಿಲ್ಲಿಸಿದೆ. ಅದಕ್ಕೆ ಬೇರು ಬಿಡುವುದು ಯಾವತ್ತೂ ಕಷ್ಟವಾಗಿರಲೇ ಇಲ್ಲ. ಬೇಕಾದಷ್ಟು ಆಕ್ಸಿನ್ ಅದರೊಳಗೇ ಇದೆ. ತಡವಾಗುವುದು ಚಿಗುರು. ಚಿಗುರಿಗೆ ಬೇಕಾದದ್ದು ಸೈಟೊಕೈನಿನ್ ಅನ್ನುವ ಬೇರೆಯೇ ಹಾರ್ಮೋನ್. ಆಕ್ಸಿನ್ ಪಾಲು ಹೆಚ್ಚಾದರೆ ಬೇರು, ಸೈಟೊಕೈನಿನ್ ಪಾಲು ಹೆಚ್ಚಾದರೆ ಚಿಗುರು. ಇದನ್ನು 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತಂಬಾಕಿನ ಗಿಡದ ಅಂಗಾಂಶದಲ್ಲಿ ತೋರಿಸಿದ್ದರು. ನಾನು ಹೊರಗಿಂದ ಆಕ್ಸಿನ್ ಸುರಿದು ತಕ್ಕಡಿಯನ್ನು ಬೇರಿನ ಕಡೆಗೇ ಎಳೆದಿದ್ದೆ.

ಇದನ್ನು ಹೇಳಿದಾಗ ಪಕ್ಕದ ಮನೆಯವರು, "ಎಳನೀರು ಹಾಕಿ ಆಂಟಿ, ಬೇರು ಚೆನ್ನಾಗಿ ಬರುತ್ತೆ" ಅಂದರು. ಎಳನೀರಿನಲ್ಲಿ ಹಾರ್ಮೋನ್ ಇರುವುದು ನಿಜ. ಆದರೆ ಅದು ಹೆಸರಾಗಿರುವುದು ಸೈಟೊಕೈನಿನ್‌ಗೆ. ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸುವ ಅಂಗಾಂಶ ಕೃಷಿ (ಟಿಶ್ಯೂ ಕಲ್ಚರ್) ಲ್ಯಾಬುಗಳಲ್ಲಿ ಅದನ್ನು ಬಳಸುವುದೂ ಉಂಟು. ಅಲ್ಲಿ ಎಲ್ಲವೂ ಕುದಿಸಿ ಶುದ್ಧ ಮಾಡಿದ ಬಾಟಲಿಯೊಳಗೆ. ನಮ್ಮ ತಾರಸಿಯಲ್ಲಿ ಎಳನೀರಿನ ಸಿಹಿಗೆ ಮೊದಲು ಬಂದದ್ದು ಇರುವೆ, ಆಮೇಲೆ ಬೂಸ್ಟು. ಬೇರು ಬರಲಿ ಅಂತ ಕೆಲವರು ಹಚ್ಚುವ ಜೇನುತುಪ್ಪದ ಕಥೆಯೂ ಅಷ್ಟೇ. ದಾಲ್ಚಿನ್ನಿ ಪುಡಿ ಬೂಸ್ಟು ತಡೆಯಲು ಸ್ವಲ್ಪ ನೆರವಾಗಬಹುದು, ಅದು ಹಾರ್ಮೋನ್ ಅಲ್ಲ. ಬಿಸಿಬೇಳೆಬಾತಿಗೇ ಇರಲಿ.

ಇನ್ನೊಂದು ದೊಡ್ಡ ಎಡವಟ್ಟು ಹೇಳಲೇಬೇಕು. ಒಮ್ಮೆ ಪುಡಿ ಮುಗಿದಾಗ ಅಂಗಡಿಯಲ್ಲಿ "ಹಾರ್ಮೋನ್ ಕೊಡಿ" ಅಂತಷ್ಟೇ ಕೇಳಿದೆ. ಅಂಗಡಿಯ ಹುಡುಗ ಒಂದು ಪುಟ್ಟ ಬಾಟಲಿ ಕೊಟ್ಟ. ಬೆಳವಣಿಗೆಗೆ ಒಳ್ಳೆಯದು ಅಂದ. ನೀರಿಗೆ ಬೆರೆಸಿ ಕಡ್ಡಿಗಳನ್ನು ಅದ್ದಿ ನೆಟ್ಟೆ, ಉಳಿದದ್ದನ್ನು ಸಕ್ಯುಲೆಂಟ್ ತಟ್ಟೆಗೂ ಚಿಮುಕಿಸಿದೆ. ಕಡ್ಡಿಗಳು ಬೇರು ಬಿಡಲಿಲ್ಲ. ಗುಲಾಬಿ ಹೂವಿನ ಹಾಗೆ ಒತ್ತಾಗಿದ್ದ ಎಚೆವೇರಿಯಾಗಳು ಕತ್ತು ಚಾಚಿ ಕೊಕ್ಕರೆಗಳಾದವು. ಬಾಟಲಿ ತಿರುಗಿಸಿ ನೋಡಿದರೆ ಜಿಬ್ಬರೆಲಿಕ್ ಆಸಿಡ್. ವಿಜಯಪುರ ಕಡೆ ದ್ರಾಕ್ಷಿ ಬೆಳೆಯುವವರು ಕಾಯಿ ದಪ್ಪವಾಗಲಿ ಅಂತ ಬಳಸುವುದು ಇದನ್ನೇ. ಇದು ಗಿಡವನ್ನು ಉದ್ದಕ್ಕೆ ಎಳೆಯುತ್ತದೆ, ಬೇರು ಬರುವುದನ್ನು ತಡೆಯುತ್ತದೆ. ಹುಡುಗನದ್ದೇನು ತಪ್ಪು? ನಾನು ಕೇಳಿದ್ದೂ ಹಾರ್ಮೋನ್, ಅವನು ಕೊಟ್ಟದ್ದೂ ಹಾರ್ಮೋನ್. ಈಗ ಐಬಿಎ ಅಥವಾ ಎನ್ಎಎ (ಇದೂ ಆಕ್ಸಿನ್ನೇ) ಅಂತ ಹೆಸರು ಹೇಳಿಯೇ ಕೇಳುತ್ತೇನೆ.

ಹಾಗಾದರೆ ಪುಡಿ ದಂಡವಾ? ಅಲ್ಲ. ಬೋಗನ್‌ವಿಲ್ಲಾ ನೆಟ್ಟು ನೋಡಿ, ಅದರ ಬೆಲೆ ಗೊತ್ತಾಗುತ್ತದೆ.

ಕಿತ್ತಳೆ ಬಣ್ಣದ ಕಾಗದದ ಹೂವಿನ ಗಿಡವೊಂದು ನನಗೆ ಬೇಕೇ ಬೇಕಿತ್ತು. ಗೆಳತಿಯ ಮನೆಯಿಂದ ಮೂರು ಸಲ ಕಡ್ಡಿ ತಂದೆ, ಮೂರು ಸಲವೂ ಒಣಗಿತು. ಸಂಕಟ ಏನೆಂದರೆ ಅದು ಮೊದಲು ಆಸೆ ಹುಟ್ಟಿಸುತ್ತದೆ. ಎರಡೇ ವಾರಕ್ಕೆ ಮುದ್ದಾದ ಚಿಗುರು ಬರುತ್ತದೆ. ಅದು ಕಡ್ಡಿಯೊಳಗೆ ಉಳಿದ ಆಹಾರದಿಂದ ಬಂದ ಚಿಗುರು, ಕೆಳಗೆ ಬೇರು ಇರುವುದಿಲ್ಲ. ಕೂಡಿಟ್ಟ ಆ ಗಂಟು ಕರಗಿದ ದಿನ ಚಿಗುರು ಬಾಡುತ್ತದೆ. ನಾನೋ, ಚಿಗುರು ಕಂಡ ತಕ್ಷಣ ಬೇರು ಬಂತಾ ಅಂತ ಎಳೆದು ನೋಡುತ್ತಿದ್ದೆ. ಬರುತ್ತಿದ್ದ ಒಂದೆರಡು ಬೇರಿನ ಮೊಳಕೆಯೂ ಹಾಗೇ ಹೋಗಿರಬೇಕು.

ನಾಲ್ಕನೆಯ ಸಲ ಜೂನ್ ಕೊನೆಗೆ, ಮಳೆ ಹಿಡಿದ ಮೇಲೆ ಶುರು ಮಾಡಿದೆ. ಪೆನ್ಸಿಲ್ ದಪ್ಪದ, ಹಸಿರೂ ಅಲ್ಲದ ಪೂರ್ತಿ ಕಂದೂ ಅಲ್ಲದ ಕಡ್ಡಿ. ಆರು ಇಂಚು ಉದ್ದ, ನಾಲ್ಕು ಗೆಣ್ಣು. ಕೆಳಗಿನ ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿದೆ. ಬುಡದ ಒಂದು ಪಕ್ಕ ತೊಗಟೆಯನ್ನು ಉಗುರಗಲ ಮಾತ್ರ ಕೆರೆದೆ. 0.3ರ ಪುಡಿಯನ್ನು ಚೂರು ಕಾಗದದ ಮೇಲೆ ಸುರಿದುಕೊಂಡೆ. ಡಬ್ಬಿಗೇ ಕಡ್ಡಿ ಅದ್ದಬಾರದು, ತೇವ ತಗುಲಿದರೆ ಇಡೀ ಡಬ್ಬಿ ಹಾಳು. ಬುಡವನ್ನು ನೀರಿಗೆ ಮುಟ್ಟಿಸಿ, ಒದರಿ, ಕೆಳಗಿನ ಅರ್ಧ ಇಂಚಿಗೆ ಪುಡಿ ಹಿಡಿಸಿ, ಕುಂಡದ ಅಂಚಿಗೆ ಒಮ್ಮೆ ತಟ್ಟಿದೆ. ಅಂಟಿದ್ದಷ್ಟೇ ಸಾಕು. ನೆಡುವ ಮುಂಚೆ ಆ ಕಡ್ಡಿಗಿಂತ ದಪ್ಪದ ಕೋಲಿನಿಂದ ತೂತು ಮಾಡಿಕೊಂಡೆ. ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಮಣ್ಣಿನ ಬಾಯಲ್ಲೇ ಒರೆಸಿ ಹೋಗುತ್ತದೆ. ಕುಂಡದಲ್ಲಿ ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ದಪ್ಪ ಮರಳು. ಗೊಬ್ಬರ ಸೊನ್ನೆ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಟ್ಟೆ. (ಸಕ್ಯುಲೆಂಟಿಗೆ ಮಾತ್ರ ಈ ಕವರ್ ಮುಚ್ಚಬೇಡಿ. ಬೆವರಿ ಕೊಳೆಯುತ್ತದೆ.)

ಆರು ವಾರ ಮುಟ್ಟಲಿಲ್ಲ. ಎಷ್ಟು ಕಷ್ಟಪಟ್ಟೆ ಅಂತ ಮನೆಯವರಿಗೇ ಗೊತ್ತು. ಹನ್ನೆರಡರಲ್ಲಿ ಏಳು ಹಿಡಿದವು.

ಪುಡಿಯ ಕೆಲಸವನ್ನು ನನಗೆ ಸರಿಯಾಗಿ ಬಿಡಿಸಿ ಹೇಳಿದ್ದು ಕೊಪ್ಪದ ಕಡೆ ಇರುವ ಚಿಕ್ಕಪ್ಪ. ಅವರು ಕಾಳುಮೆಣಸಿನ ಬಳ್ಳಿಯ ಸಸಿ ಮಾಡುತ್ತಾರೆ. ನೆಲದಲ್ಲಿ ಹರಿಯುವ ಬಳ್ಳಿಯನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ, 1000 ಪಿಪಿಎಂ ಐಬಿಎ ದ್ರಾವಣದಲ್ಲಿ ಮುಕ್ಕಾಲು ನಿಮಿಷ ಅದ್ದಿ ಪಾಲಿಥೀನ್ ಚೀಲಕ್ಕೆ ನೆಡುತ್ತಾರೆ. ಒಂದು ಲೀಟರಿಗೆ ಒಂದು ಗ್ರಾಂ ಹಾಕಿದರೆ 1000 ಪಿಪಿಎಂ. ನಾನೂ ಮನೆಯಲ್ಲಿ ಶುದ್ಧ ಐಬಿಎ ತಂದು ನೀರಿಗೆ ಹಾಕಿದೆ, ಮೇಲೆ ಹಿಟ್ಟಿನ ಹಾಗೆ ತೇಲಿತು. ಫೋನ್ ಮಾಡಿದರೆ ಚಿಕ್ಕಪ್ಪ ನಕ್ಕರು. "ಅದು ನೀರಲ್ಲಿ ಕರಗಲ್ಲ ಮಾರಾಯ್ತಿ. ಮೊದ್ಲು ಸ್ಪಿರಿಟ್ಟಲ್ಲಿ ಕರಗಿಸ್ಬೇಕು. ನಿಂಗ್ಯಾಕೆ ಅದೆಲ್ಲ, ಹತ್ತು ಕಡ್ಡಿಗೆ ಪುಡಿ ಸಾಕು." ಅವರ ಮಾತೇ ಸರಿ. ಹಾಲುಹಾಲಾದ ಆ ದ್ರಾವಣವನ್ನು ಚೆಲ್ಲಿ, ಮತ್ತೆ ಡಬ್ಬಿಗೇ ಮರಳಿದೆ.

ಅವರಿಂದಲೇ ಸೀಬೆಗೆ ಗೂಟಿ ಕಟ್ಟುವುದನ್ನೂ ಕಲಿತೆ. ಪೆನ್ಸಿಲಿಗಿಂತ ದಪ್ಪನೆಯ ಕೊಂಬೆಯಲ್ಲಿ ಒಂದು ಇಂಚಗಲ ತೊಗಟೆಯನ್ನು ಬಳೆಯ ಹಾಗೆ ತೆಗೆದು, ಒಳಗಿನ ಲೋಳೆಯಂಥ ಪದರವನ್ನೂ ಕೆರೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿಯುವುದು. ನಾನು ಪುಡಿಯನ್ನು ಗಾಯದ ತುಂಬ ಬಳಿಯಲು ಹೊರಟಿದ್ದೆ. ಚಿಕ್ಕಪ್ಪ ಕೈ ಹಿಡಿದು, ಮೇಲಿನ ಅಂಚಿಗೆ ಮಾತ್ರ ಅಂದರು. ಆಕ್ಸಿನ್ ಹುಟ್ಟುವುದು ಚಿಗುರಿನ ತುದಿಯಲ್ಲಿ, ಹರಿಯುವುದು ಕೆಳಮುಖವಾಗಿ. ತೊಗಟೆ ಕಡಿದಲ್ಲಿ ಅದು ದಾರಿ ಇಲ್ಲದೆ ನಿಲ್ಲುತ್ತದೆ. ಬೇರು ಒಡೆಯುವುದು ಅಲ್ಲೇ. ಎರಡು ತಿಂಗಳ ಮೇಲೆ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಂಡಾಗ, ಒಂದೊಂದೂ ಮೇಲಿನ ಅಂಚಿನಿಂದಲೇ ಇಳಿದಿತ್ತು. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಯಾಕೆ ಸರಿಹೋಗಲ್ಲ ಅನ್ನುವುದೂ ಆಗ ಹೊಳೆಯಿತು.

ಉಳಿದ ಗಿಡಗಳ ವಿಷಯ ಬೇಗ ಮುಗಿಸುತ್ತೇನೆ. ಮಲ್ಲಿಗೆ, ನಾಟಿ ದಾಸವಾಳ ಮಳೆಗಾಲದಲ್ಲಿ ಸುಮ್ನೆ ಚುಚ್ಚಿದರೂ ಬರುತ್ತವೆ. ತಟ್ಟೆಯಗಲ ಹೂ ಬಿಡುವ ಹೈಬ್ರಿಡ್ ದಾಸವಾಳ ಸತಾಯಿಸುತ್ತದೆ, ಅದಕ್ಕೆ 0.3 ಹಚ್ಚುತ್ತೇನೆ. ಜೇಡ್ ಗಿಡದ ಕಾಂಡಕ್ಕೆ ಏನೂ ಬೇಡ, ವಾರ ಒಣಗಿಸಿ ನೆಟ್ಟರೆ ಆಯಿತು. ಕಾಡುಬಸಳೆಯನ್ನಂತೂ ಕೇಳಲೇಬೇಡಿ, ಎಲೆ ಬಿದ್ದಲ್ಲೆಲ್ಲ ಅಂಚಿನಲ್ಲಿ ಮಕ್ಕಳ ಸಾಲು. ಅದನ್ನು ಕೀಳುವ ಪುಡಿ ಇದ್ದರೆ ಹೇಳಿ.

ಹಳದಿ ಅಂಚಿನ ಸ್ನೇಕ್ ಪ್ಲಾಂಟಿನಲ್ಲಿ ಮಾತ್ರ ಮೋಸ ಹೋದೆ. ಎಲೆಯನ್ನು ಮೂರಿಂಚಿನ ತುಂಡು ಮಾಡಿ, ಒಣಗಿಸಿ, ಪುಡಿ ಮುಟ್ಟಿಸಿ ನೆಟ್ಟೆ. ನಾಲ್ಕು ತಿಂಗಳಿಗೆ ಮರಿಗಳು ಬಂದವು. ಎಲ್ಲವೂ ಬರೀ ಹಸಿರು. ಆ ಹಳದಿ ಅಂಚು ಎಲೆ ತುಂಡಿನ ಮರಿಗೆ ದಾಟುವುದಿಲ್ಲ. ಬುಡದ ಗಡ್ಡೆಯನ್ನೇ ಬೇರ್ಪಡಿಸಿ ನೆಟ್ಟರೆ ಮಾತ್ರ ಉಳಿಯುತ್ತದೆ. ಯಾವ ಹಾರ್ಮೋನೂ ಇದನ್ನು ಬದಲಿಸಲ್ಲ.

ಡಬ್ಬಿಯನ್ನು ಈಗ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗಿಬರಲ್ಲ. ಹಚ್ಚುವಾಗ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ಮೊದಲು ಬಾಗಿಲಿನ ಖಾನೆಯಲ್ಲಿತ್ತು. ಒಂದು ದಿನ ಅತ್ತೆ ಅದನ್ನು ಹಿಡಿದು, "ಇದು ಅಡುಗೆ ಸೋಡಾನೇನಮ್ಮ?" ಅಂತ ಕೇಳಿದರು. ಎದೆ ಧಸಕ್ಕೆಂದಿತು. ಅಂದೇ ಬೀಗ ಹಾಕುವ ಸ್ಟೀಲ್ ಡಬ್ಬಿಯೊಳಗೆ ಹಾಕಿ, ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ "ಗಿಡದ್ದು, ವಿಷ" ಅಂತ ಬರೆದೆ.